ಮರೆಮಾಚದೆ, ಮೆರೆಸದೆ: ಕೆಲಸದ ಜಾಗದಲ್ಲಿ ಕ್ರೈಸ್ತರಾಗಿ ಬದುಕುವುದು ಹೇಗೆ?

ಎರಡು ವರ್ಷ ನನ್ನ ಪಕ್ಕದ ಸೀಟಿನಲ್ಲಿ ಕೂತು ಕೆಲಸ ಮಾಡಿದವರೊಬ್ಬರು ಒಂದು ಮಧ್ಯಾಹ್ನ ನನ್ನ ಮೇಜಿನ ಮೇಲಿದ್ದ ಬೈಬಲ್ ನೋಡಿ, "ಓ, ನೀವು ಕ್ರಿಶ್ಚಿಯನ್ನಾ? ನನಗೆ ಗೊತ್ತೇ ಇರಲಿಲ್ಲ" ಅಂದರು. ಆ ಬೈಬಲ್ ಹೊರಗೆ ಬಂದದ್ದೂ ಅಚಾನಕ್ಕಾಗಿ. ಬ್ಯಾಗಿನ ತಳದಲ್ಲಿದ್ದ ಚಾರ್ಜರ್ ಹುಡುಕಲು ಒಂದೊಂದೇ ಸಾಮಾನು ತೆಗೆದಿಡುತ್ತಿದ್ದೆ. ಅವರ ಮಾತಿನಲ್ಲಿ ಚುಚ್ಚು ಇರಲಿಲ್ಲ, ನಿಜಕ್ಕೂ ಆಶ್ಚರ್ಯಪಟ್ಟಿದ್ದರು. ನನಗೆ ಮಾತ್ರ ಅವತ್ತು ರಾತ್ರಿ ನಿದ್ದೆ ಹತ್ತಲಿಲ್ಲ.

ಬಾಯಿಂದ ಹೇಳಿಕೊಂಡು ತಿರುಗುವುದು ಬೇಡ, ಬದುಕೇ ಸಾಕ್ಷಿ ಹೇಳಲಿ ಅಂತ ಅಷ್ಟು ದಿನ ಅಂದುಕೊಂಡಿದ್ದೆ. ಆದರೆ ಎರಡು ವರ್ಷದಲ್ಲಿ ನನ್ನ ಬದುಕು ಪಕ್ಕದವರಿಗೆ ಏನನ್ನೂ ಹೇಳಿರಲಿಲ್ಲ. ಆ ಸಂಕಟಕ್ಕೆ ನಾನು ಇನ್ನೊಂದು ತುದಿಗೆ ಓಡಿದೆ. ದಿನಾ ಬೆಳಿಗ್ಗೆ ಟೀಮಿನ ವಾಟ್ಸಾಪ್ ಗ್ರೂಪಿಗೆ ಒಂದು ದೇವರ ವಾಕ್ಯ ಹಾಕತೊಡಗಿದೆ. ಯಾರೂ ಬೇಡ ಅನ್ನಲಿಲ್ಲ. ಕೆಲವು ವಾರ ಕಳೆದ ಮೇಲೆ ಗೊತ್ತಾಯಿತು, ಕೆಲಸದ ಮಾತಿಗೆ ಅಂತ ಅವರು ಬೇರೆ ಗ್ರೂಪ್ ಮಾಡಿಕೊಂಡಿದ್ದರು. ಅದರಲ್ಲಿ ನಾನಿರಲಿಲ್ಲ.

ಈ ಎರಡೂ ತಪ್ಪು ಮಾಡಿದ ಮೇಲೆ ನಿಧಾನಕ್ಕೆ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಯೇಸು ಬೆಟ್ಟದ ಮೇಲಿನ ಪ್ರಸಂಗದಲ್ಲಿ ಎರಡು ಮಾತು ಹೇಳಿದ. ಜನರು ನಿಮ್ಮ ಒಳ್ಳೇ ಕೆಲಸ ನೋಡಿ ತಂದೆಯನ್ನು ಕೊಂಡಾಡುವಂತೆ ನಿಮ್ಮ ಬೆಳಕು ಹೊಳೆಯಲಿ ಅಂತ ಮತ್ತಾಯ 5:16ರಲ್ಲಿ ಇದೆ. ಜನ ನೋಡಲಿ ಅಂತ ಧರ್ಮಕಾರ್ಯ ಮಾಡಬೇಡಿ ಅಂತ ಮತ್ತಾಯ 6:1ರಲ್ಲಿ ಇದೆ. ನಡುವೆ ಒಂದೇ ಅಧ್ಯಾಯದ ದೂರ. ಕೆಲಸದ ಜಾಗದಲ್ಲಿ ನಾವು ನಡೆಯಬೇಕಾದ ದಾರಿ ಈ ಎರಡು ಮಾತುಗಳ ನಡುವೆ ಇದೆ ಅಂತ ನನಗೆ ಅನಿಸುತ್ತದೆ. ಮೊದಲನೆಯದು ಅಂಜಿಕೆಗೆ ಮದ್ದು, ಎರಡನೆಯದು ತೋರಿಕೆಗೆ.

ಮೊದಲ ಹೆಜ್ಜೆ: ಕೊಟ್ಟ ಕೆಲಸ ಚೆನ್ನಾಗಿ ಮಾಡಿ

ಇದನ್ನು ಬಿಟ್ಟು ಮುಂದಿನ ಯಾವ ಹೆಜ್ಜೆಯೂ ಇಲ್ಲ. ಕೆಲಸ ಕೆಟ್ಟದಾಗಿ ಮಾಡುವವನ ಬಾಯಲ್ಲಿ ದೇವರ ಹೆಸರು ಬಂದರೆ ದೇವರ ಹೆಸರೇ ಹಾಳಾಗುತ್ತದೆ. "ಅವರು ತುಂಬಾ ಪ್ರಾರ್ಥನೆ ಮಾಡ್ತಾರೆ, ಆದ್ರೆ ಅವರಿಗೆ ಕೆಲಸ ಕೊಟ್ರೆ ನಾವೇ ಮತ್ತೆ ಮಾಡಬೇಕು" ಅನ್ನುವ ಮಾತು ನಮ್ಮ ಬಗ್ಗೆ ಬರಬಾರದು.

ಏನು ಮಾಡಿದರೂ ಮನುಷ್ಯರಿಗೋಸ್ಕರ ಅಲ್ಲ, ಕರ್ತನಿಗೋಸ್ಕರ ಅಂತ ಮನಸ್ಸಿಟ್ಟು ಮಾಡಿ ಅಂತ ಪೌಲ ಕೊಲೊಸ್ಸೆಯವರಿಗೆ ಬರೆದ (3:23). ಇದನ್ನು ನಾವು ಚಂದದ ಅಕ್ಷರದಲ್ಲಿ ಬರೆಸಿ ಗೋಡೆಗೆ ಹಾಕಿಕೊಳ್ಳುತ್ತೇವೆ. ಆದರೆ ಸ್ವಲ್ಪ ಮೇಲಿನಿಂದ ಓದಿದರೆ ಆ ಮಾತು ಯಾರಿಗೆ ಹೇಳಿದ್ದು ಅಂತ ಗೊತ್ತಾಗುತ್ತದೆ. ಅದು ದಾಸರಿಗೆ ಹೇಳಿದ್ದು. ಸಂಬಳ ಇಲ್ಲ, ರಜೆ ಇಲ್ಲ, ಕೆಲಸ ಬಿಟ್ಟು ಹೋಗುವ ಹಕ್ಕೂ ಇಲ್ಲದವರಿಗೆ. ಯಜಮಾನನ ಕಣ್ಣಿಗೆ ಬೀಳುವಾಗ ಮಾತ್ರ ದುಡಿಯುವುದು ಬೇಡ ಅಂತ ಅದರ ಹಿಂದಿನ ವಚನದಲ್ಲೇ ಇದೆ. ಅದು ನನಗೆ ಯಾವಾಗಲೂ ನಾಟುವ ಮಾತು, ಯಾಕೆಂದರೆ ಮ್ಯಾನೇಜರ್ ರಜೆ ಹಾಕಿದ ದಿನ ನನ್ನ ಕೆಲಸ ಎಷ್ಟು ಸಡಿಲವಾಗುತ್ತದೆ ಅಂತ ನನಗೆ ಗೊತ್ತು.

ಹಾಗೆ ಬರೆದ ಪೌಲನೂ ಬರೀ ಬೋಧಿಸಿಕೊಂಡು ಇದ್ದವನಲ್ಲ. ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲ ಎಂಬ ಗಂಡ ಹೆಂಡತಿಯ ಜೊತೆ ಗುಡಾರದ ಕೆಲಸ ಮಾಡಿ ಬದುಕಿದ (ಅಪೊಸ್ತಲರ ಕೃತ್ಯಗಳು 18:3). ಅವನು ಮಾಡಿಕೊಟ್ಟ ಗುಡಾರದ ಹೊಲಿಗೆ ಬಿಟ್ಟುಹೋಗಿ ಮಳೆ ಸೋರಿದ್ದರೆ ಆ ಗಿರಾಕಿ ಅವನ ಸುವಾರ್ತೆ ಕೇಳಲು ಕೂರುತ್ತಿದ್ದನೇ?

ಹೀಗೆ ಶುರು ಮಾಡಿ. ನಿಮ್ಮ ಕೆಲಸದಲ್ಲಿ ಯಾರೂ ನೋಡದ, ಯಾರೂ ಲೆಕ್ಕ ಹಾಕದ ಒಂದು ಭಾಗ ಆರಿಸಿಕೊಳ್ಳಿ. ಮುಂದಿನ ಪಾಳಿಯವರಿಗೆ ಬಿಟ್ಟುಹೋಗುವ ಟಿಪ್ಪಣಿ ಇರಬಹುದು, ಬಳಸಿದ ಸಲಕರಣೆ ತೊಳೆದಿಡುವುದು ಇರಬಹುದು, ಎರಡನೇ ಸಲ ಪರೀಕ್ಷಿಸಬೇಕಾದ ಅಂಕಿಗಳು ಇರಬಹುದು. ಒಂದು ತಿಂಗಳು ಅದನ್ನು ಕರ್ತನಿಗೆ ಅಂತ ಮಾಡಿ. ಯಾರಿಗೂ ಹೇಳಬೇಡಿ. 17ನೇ ಶತಮಾನದಲ್ಲಿ ಫ್ರಾನ್ಸಿನ ಒಂದು ಮಠದಲ್ಲಿ ಬ್ರದರ್ ಲಾರೆನ್ಸ್ ಎಂಬವರು ಅಡುಗೆಮನೆಯಲ್ಲಿ ದುಡಿಯುತ್ತಿದ್ದರು. ಪ್ರಾರ್ಥನೆಯ ಹೊತ್ತಿನಲ್ಲಿ ಎಷ್ಟು ದೇವರ ಸನ್ನಿಧಿಯಲ್ಲಿ ಇರುತ್ತಿದ್ದರೋ ಪಾತ್ರೆಗಳ ಸದ್ದಿನ ನಡುವೆಯೂ ಅಷ್ಟೇ ಇರುತ್ತಿದ್ದರು. ಅವರು 1691ರಲ್ಲಿ ತೀರಿಕೊಂಡರು. ಆ ಮಠದಲ್ಲಿ ಅವರಿಗಿಂತ ಓದಿಕೊಂಡವರು ಎಷ್ಟೋ ಜನ ಇದ್ದಿರಬೇಕು. ಇವತ್ತಿಗೂ ಜನ ಹುಡುಕಿ ಓದುವುದು ಆ ಅಡುಗೆಯವರ ಮಾತುಗಳನ್ನು.

ಇನ್ನೊಂದು ಮಾತು, ಇದನ್ನು ಹೇಳಲೇಬೇಕು. ಕೆಲಸದ ಹೊತ್ತಿನಲ್ಲಿ ಬೈಬಲ್ ಓದುವುದು, ಪ್ರಸಂಗ ಕೇಳುವುದು ಭಕ್ತಿ ಅಲ್ಲ. ಸಂಬಳ ಕೊಡುವವರ ಸಮಯ ಅದು. ಊಟದ ಬಿಡುವು ನಿಮ್ಮದು, ಅಲ್ಲಿ ಓದಿ.

ಎರಡನೇ ಹೆಜ್ಜೆ: ಬೇಗ ಹೇಳಿಬಿಡಿ, ಸಹಜವಾಗಿ

ಹೊಸ ಜಾಗಕ್ಕೆ ಸೇರಿದ ಮೊದಲ ಕೆಲವು ವಾರಗಳಲ್ಲೇ ನೀವು ಕ್ರಿಸ್ತನನ್ನು ನಂಬುವವರು ಅಂತ ಅವರಿಗೆ ಗೊತ್ತಾಗಲಿ. ತಡ ಮಾಡಿದಷ್ಟೂ ಕಷ್ಟ. ಎರಡು ವರ್ಷ ಸುಮ್ನೆ ಇದ್ದು ಆಮೇಲೆ ಹೇಳಿದರೆ ಏನೋ ಬಚ್ಚಿಟ್ಟುಕೊಂಡಿದ್ದ ಹಾಗೆ ಕಾಣುತ್ತದೆ.

ಇದಕ್ಕೆ ಘೋಷಣೆ ಬೇಕಿಲ್ಲ. ಸೋಮವಾರ ಬೆಳಿಗ್ಗೆ "ನಿನ್ನೆ ಏನ್ ಮಾಡಿದ್ರಿ?" ಅಂತ ಯಾರೋ ಕೇಳೇ ಕೇಳುತ್ತಾರೆ. ಮೊದಲೆಲ್ಲ ನಾನು "ಏನಿಲ್ಲ, ಮನೇಲೇ ಇದ್ದೆ" ಅನ್ನುತ್ತಿದ್ದೆ. ಅದು ಸುಳ್ಳು. ಈಗ "ಬೆಳಿಗ್ಗೆ ಚರ್ಚಿಗೆ ಹೋಗಿದ್ದೆ, ಮಧ್ಯಾಹ್ನ ಚೆನ್ನಾಗಿ ನಿದ್ದೆ ಮಾಡಿದೆ, ನೀವು?" ಅನ್ನುತ್ತೇನೆ. ಅಷ್ಟೇ. ಮಾತು ಅವರ ಕಡೆ ತಿರುಗುತ್ತದೆ, ನಿಮ್ಮ ವಿಷಯ ಮೇಜಿನ ಮೇಲೆ ಉಳಿಯುತ್ತದೆ. ಊಟಕ್ಕೆ ಮುಂಚೆ ಕಣ್ಣು ಮುಚ್ಚಿ ಸ್ತೋತ್ರ ಹೇಳುವ ಅಭ್ಯಾಸ ಮನೆಯಲ್ಲಿ ಇದ್ದರೆ ಆಫೀಸಿನಲ್ಲೂ ಹೇಳಿ. ಮನೆಯಲ್ಲಿ ಇಲ್ಲದಿದ್ದರೆ ಆಫೀಸಿನಲ್ಲಿ ಹೊಸದಾಗಿ ಶುರು ಮಾಡಬೇಡಿ.

ದಾನಿಯೇಲನ ಕಥೆಯಲ್ಲಿ ನಾನು ತುಂಬಾ ಸಲ ಓದಿಯೂ ಗಮನಿಸದ ಒಂದು ವಿವರ ಇದೆ. ಪ್ರಾರ್ಥನೆ ಮಾಡಬಾರದು ಅಂತ ಅರಸನ ಆಜ್ಞೆ ಬಂದ ಮೇಲೆ ಅವನು ಮನೆಗೆ ಹೋಗಿ, ಯೆರೂಸಲೇಮಿನ ಕಡೆ ಕಿಟಕಿ ತೆರೆದಿದ್ದ ಕೋಣೆಯಲ್ಲಿ ದಿನಕ್ಕೆ ಮೂರು ಸಲ ಮೊಣಕಾಲೂರಿದ, ಮುಂಚೆ ಮಾಡುತ್ತಿದ್ದ ಹಾಗೆಯೇ (ದಾನಿಯೇಲ 6:10). ಆ 'ಮುಂಚೆ ಮಾಡುತ್ತಿದ್ದ ಹಾಗೆಯೇ' ಅನ್ನುವುದನ್ನು ನೋಡಿ. ಪ್ರತಿಭಟನೆಗೆ ಅಂತ ಅವನು ಕಿಟಕಿ ತೆರೆಯಲಿಲ್ಲ, ಹೆದರಿ ಮುಚ್ಚಲೂ ಇಲ್ಲ.

ಹೇಳಿಬಿಡುವುದರಿಂದ ಇನ್ನೊಂದು ಲಾಭ ಇದೆ. ನೀವು ಯಾರು ಅಂತ ಗೊತ್ತಾದ ಮೇಲೆ ಜನ ನಿಮ್ಮನ್ನು ಗಮನಿಸುತ್ತಾರೆ. ಸಿಟ್ಟು ಬಂದು ಕೂಗಾಡುವ ಮುಂಚೆ ಒಂದು ಕ್ಷಣ ಅದು ನೆನಪಾಗುತ್ತದೆ. ನನ್ನನ್ನು ಎಷ್ಟೋ ಸಲ ಆ ಒಂದು ಕ್ಷಣ ಕಾಪಾಡಿದೆ.

ಮೂರನೇ ಹೆಜ್ಜೆ: ಹೆಸರು ಹಿಡಿದು ಪ್ರಾರ್ಥಿಸಿ

ಒಂದು ಸಣ್ಣ ಪುಸ್ತಕದಲ್ಲಿ ಜೊತೆ ಕೆಲಸದವರ ಹೆಸರು ಬರೆದುಕೊಳ್ಳಿ. ಐದೋ ಆರೋ ಹೆಸರು ಸಾಕು. ಅದರಲ್ಲಿ ನಿಮಗೆ ಆಗದವರ ಹೆಸರು ಒಂದಾದರೂ ಇರಲಿ. ದಿನಾ ಹೆಸರು ಹಿಡಿದು ಪ್ರಾರ್ಥಿಸಿದವರ ಬಗ್ಗೆ ಸಂಜೆ ಕೆಟ್ಟದಾಗಿ ಮಾತಾಡುವುದು ಕಷ್ಟವಾಗುತ್ತದೆ. ಬೇಕಾದರೆ ಪರೀಕ್ಷಿಸಿ ನೋಡಿ.

ಮೀಟಿಂಗಿನ ನಡುವೆ ಉದ್ದನೆಯ ಪ್ರಾರ್ಥನೆಗೆ ಪುರುಸೊತ್ತು ಎಲ್ಲಿ? ಪರ್ಷಿಯದ ಅರಸನ ಪಾನಸೇವಕನಾಗಿದ್ದ ನೆಹೆಮೀಯನಿಗೂ ಇರಲಿಲ್ಲ. "ನಿನಗೇನು ಬೇಕು?" ಅಂತ ಅರಸ ಕೇಳಿದ. ನೆಹೆಮೀಯ ಪರಲೋಕದ ದೇವರಿಗೆ ಪ್ರಾರ್ಥಿಸಿ, ಆಮೇಲೆ ಉತ್ತರ ಕೊಟ್ಟ (ನೆಹೆಮೀಯ 2:4-5). ಅರಸ ಕಾಯುತ್ತಿರುವಾಗ ಎಷ್ಟು ಹೊತ್ತು ಪ್ರಾರ್ಥಿಸಿದ್ದಾನು? ಒಂದು ಉಸಿರಿನಷ್ಟು. ಫೋನ್ ಎತ್ತುವ ಮುಂಚೆ, ಖಾರವಾದ ಮೇಲ್‌ಗೆ ಉತ್ತರ ಕಳಿಸುವ ಮುಂಚೆ ಅಷ್ಟು ಸಾಕು.

ನಾಲ್ಕನೇ ಹೆಜ್ಜೆ: ಮುಖ ನೋಡಿ

ಯೋಸೇಫ ಸೆರೆಮನೆಯಲ್ಲಿದ್ದಾಗ ಅವನ ವಶದಲ್ಲಿ ಫರೋಹನ ಇಬ್ಬರು ಉದ್ಯೋಗಸ್ಥರಿದ್ದರು. ಒಂದು ಬೆಳಿಗ್ಗೆ ಅವನು ಅವರನ್ನು ನೋಡಿ, ಇವತ್ತು ನಿಮ್ಮ ಮುಖ ಯಾಕೆ ಬಾಡಿದೆ ಅಂತ ಕೇಳಿದ (ಆದಿಕಾಂಡ 40:7). ಯೋಸೇಫನೇ ತಪ್ಪು ಮಾಡದೆ ಸೆರೆಗೆ ಬಿದ್ದವನು. ಅವನ ಮುಖ ಬಾಡಲು ಬೇಕಾದಷ್ಟು ಕಾರಣ ಇತ್ತು. ಆದರೂ ಇನ್ನೊಬ್ಬರ ಮುಖ ಅವನಿಗೆ ಕಾಣಿಸಿತು. ಅವನ ಮುಂದಿನ ಬದುಕೆಲ್ಲ ಆ ಒಂದು ಪ್ರಶ್ನೆಯಿಂದ ತಿರುಗಿತು ಅಂತ ಓದುವಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ನಮ್ಮಲ್ಲಿ ಒಬ್ಬರು ಹಿರಿಯ ಸಹೋದ್ಯೋಗಿ ಇದ್ದರು. ಮಾತು ಕಡಿಮೆ. ಒಂದು ದಿನ ಸಂಜೆ ಮೆಟ್ಟಿಲಿನ ಹತ್ತಿರ ಫೋನ್ ಹಿಡಿದು ಗೋಡೆ ಕಡೆ ಮುಖ ಮಾಡಿ ನಿಂತಿದ್ದರು. ಮಾತಾಡುತ್ತಿರಲಿಲ್ಲ, ಪರದೆಯ ಬೆಳಕೂ ಆರಿಹೋಗಿತ್ತು. ನಾನು ಎರಡು ಮೆಟ್ಟಿಲು ಇಳಿದವನು ಮತ್ತೆ ಹತ್ತಿ ಬಂದೆ. "ಮೇಡಂ, ಎಲ್ಲಾ ಸರಿ ಇದೆಯಾ?" ಅಂದೆ. ಮೊದಲು "ಹೂಂ" ಅಂದರು. ನಾನು ಹೋಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ "ಅಮ್ಮನ್ನ ಐಸಿಯುಗೆ ಹಾಕಿದ್ದಾರಂತೆ" ಅಂದರು. ಅವರ ಕೆಲಸ ಯಾವುದು ಬಾಕಿ ಇದೆ ಅಂತ ಕೇಳಿದೆ. ಎರಡು ಫೈಲ್ ಇದ್ದವು. "ಅವನ್ನ ನಾನು ಮುಗಿಸ್ತೀನಿ, ನೀವು ಈಗಲೇ ಹೊರಡಿ" ಅಂದೆ. ಆಮೇಲೆ, "ನಾನು ದೇವರಲ್ಲಿ ಪ್ರಾರ್ಥನೆ ಮಾಡುವವನು. ನಿಮ್ಮ ಅಮ್ಮನಿಗೋಸ್ಕರ ಮಾಡಬಹುದಾ?" ಅಂತ ಕೇಳಿದೆ. ತಲೆಯಾಡಿಸಿದರು. ಅವರ ಅಮ್ಮನ ಹೆಸರು ಕೇಳಿಕೊಂಡೆ.

ಈ ಘಟನೆಯಲ್ಲಿ ಅನುಕ್ರಮ ಮುಖ್ಯ, ಅದಕ್ಕೇ ಇಷ್ಟು ಬಿಡಿಸಿ ಬರೆದೆ. ಮೊದಲು ಫೈಲ್, ಆಮೇಲೆ ಪ್ರಾರ್ಥನೆ. ಕೈಯಲ್ಲಿ ಮಾಡಬಹುದಾದ ಸಹಾಯ ಇದ್ದಾಗ ಅದನ್ನು ಬಿಟ್ಟು ಬರೀ ಪ್ರಾರ್ಥನೆ ಮಾಡ್ತೀನಿ ಅಂದರೆ ಅದು ನುಣುಚಿಕೊಳ್ಳುವ ಮಾತಾಗುತ್ತದೆ. ಪ್ರಾರ್ಥನೆಗೆ ಮುಂಚೆ ಅನುಮತಿ ಕೇಳಿ. ಬೇಡ ಅಂದರೆ ಬೇಸರ ಮಾಡಿಕೊಳ್ಳಬೇಡಿ, ಮನೆಯಲ್ಲಿ ಮಾಡಿ. ಅಲ್ಲೇ ಮಾಡಿ ಅಂದರೆ ಎರಡು ಮೂರು ವಾಕ್ಯದಲ್ಲಿ, ಅವರಿಗೆ ಅರ್ಥವಾಗುವ ಮಾತಿನಲ್ಲಿ ಮಾಡಿ. ಪ್ರಾರ್ಥನೆಯ ನೆಪದಲ್ಲಿ ಪ್ರಸಂಗ ಮಾಡಬೇಡಿ. ಅವರು ಹೇಳಿಕೊಂಡದ್ದನ್ನು ಚರ್ಚಿನ ಪ್ರಾರ್ಥನಾ ಗ್ರೂಪಿಗೆ ಹಾಕುವ ಮುಂಚೆಯೂ ಅವರನ್ನು ಕೇಳಿ. ಇದರಲ್ಲಿ ನಾವು ತುಂಬಾ ಜನ ತಪ್ಪುತ್ತೇವೆ.

ಎಲ್ಲಕ್ಕಿಂತ ಜಾಸ್ತಿ, ಮರುದಿನ ಮರೆಯಬೇಡಿ. ಮೂರನೇ ದಿನವೂ, ಮುಂದಿನ ವಾರವೂ ಹೆಸರು ಹಿಡಿದು "ಅಮ್ಮ ಹೇಗಿದ್ದಾರೆ?" ಅಂತ ಕೇಳಿ. ಮೊದಲ ದಿನ ಎಲ್ಲರೂ ಕೇಳುತ್ತಾರೆ. ಮೂರನೇ ವಾರಕ್ಕೆ ಕೇಳುವವರು ಯಾರೂ ಉಳಿದಿರುವುದಿಲ್ಲ.

ಮತ್ತೆ, ಮುಖ ನೋಡಬೇಕಾದದ್ದು ನಮ್ಮ ಸರಿಸಮಾನರದ್ದು ಮಾತ್ರ ಅಲ್ಲ. ನೆಲ ಒರೆಸುವವರು, ಕಾವಲು ಕಾಯುವವರು, ಹೊಸದಾಗಿ ಸೇರಿ ಯಾರ ಜೊತೆ ಊಟಕ್ಕೆ ಕೂರುವುದು ಅಂತ ಗೊತ್ತಾಗದೆ ನಿಂತಿರುವ ಹುಡುಗಿ. ಅವರ ಹೆಸರು ನಿಮಗೆ ಗೊತ್ತಾ?

ಐದನೇ ಹೆಜ್ಜೆ: ಇಲ್ಲದವರ ಬಗ್ಗೆ ಮಾತು

ಊಟದ ಮೇಜಿನಲ್ಲಿ ಅಲ್ಲಿ ಇಲ್ಲದವರ ಸುದ್ದಿ ಶುರುವಾದಾಗ ಎದ್ದು ಹೋಗಬೇಕಿಲ್ಲ, ಉಪದೇಶ ಮಾಡಲೂಬೇಕಿಲ್ಲ. ಆ ವ್ಯಕ್ತಿಯ ಬಗ್ಗೆ ನಿಮಗೆ ಗೊತ್ತಿರುವ ಒಂದು ಒಳ್ಳೇ ವಿಷಯ ಹೇಳಿ. ನಿಜವಾದದ್ದೇ ಹೇಳಿ. "ನನಗೆ ಅವರು ಆ ಸಾಫ್ಟ್‌ವೇರ್ ಕಲಿಸಿಕೊಟ್ಟಿದ್ದರು, ತಾಳ್ಮೆಯಿಂದ" ಅಂದರೆ ಸಾಕು, ಮಾತು ತನ್ನಷ್ಟಕ್ಕೆ ತಿರುಗುತ್ತದೆ. ದೂರು ನಿಜವಾದದ್ದಾದರೆ "ಇದನ್ನ ಅವರಿಗೇ ಹೇಳೋಣ, ಬೇಕಾದ್ರೆ ನಾನೂ ಬರ್ತೀನಿ" ಅನ್ನಿ. ಮತ್ತಾಯ 18:15 ಸಭೆಯೊಳಗಿನ ಸಹೋದರನ ಬಗ್ಗೆ ಹೇಳಿದ್ದು, ಆದರೆ ಅದರ ವಿವೇಕ ಎಲ್ಲ ಕಡೆ ನಡೆಯುತ್ತದೆ: ಮೊದಲು ಅವನೊಬ್ಬನೇ ಇರುವಾಗ ಹೇಳು.

ಇದರ ಫಲ ನಿಧಾನಕ್ಕೆ ಬರುತ್ತದೆ. ಇವರು ನನ್ನ ಬೆನ್ನ ಹಿಂದೆ ಮಾತಾಡುವುದಿಲ್ಲ ಅಂತ ಒಬ್ಬರಿಗೆ ಖಾತ್ರಿಯಾದರೆ ಅವರು ಬೇರೆ ಯಾರಿಗೂ ಹೇಳದ್ದನ್ನು ನಿಮಗೆ ಹೇಳುತ್ತಾರೆ.

ಆರನೇ ಹೆಜ್ಜೆ: ಸುಳ್ಳು ಹೇಳು ಅಂದಾಗ

ಬಂದೇ ಬರುತ್ತದೆ ಈ ದಿನ. "ನಾನಿಲ್ಲ ಅಂತ ಹೇಳಿ", "ತಾರೀಖು ಸ್ವಲ್ಪ ಹಿಂದೆ ಹಾಕಿ", "ಬಿಲ್ಲಿನಲ್ಲಿ ಅದನ್ನೂ ಸೇರಿಸಿಬಿಡಿ". ಸುಳ್ಳು ತಕ್ಕಡಿ ಕರ್ತನಿಗೆ ಅಸಹ್ಯ ಅಂತ ಜ್ಞಾನೋಕ್ತಿ 11:1 ಹೇಳುತ್ತದೆ. ಅದು ವ್ಯಾಪಾರದ ಮಾತು, ದೇವಾಲಯದ್ದಲ್ಲ.

ಇಲ್ಲಿ ಸಹಾಯಕ್ಕೆ ಬರುವುದು ಮತ್ತೆ ದಾನಿಯೇಲನೇ, ಈ ಸಲ ಒಂದನೇ ಅಧ್ಯಾಯದವನು. ಅರಸನ ಊಟ ತಿಂದು ಅಪವಿತ್ರನಾಗಬಾರದು ಅಂತ ಅವನು ಮನಸ್ಸಿನಲ್ಲಿ ನಿಶ್ಚಯಿಸಿದ್ದ. ಆದರೆ ತಟ್ಟೆ ತಳ್ಳಿ ಎದ್ದು ಹೋಗಲಿಲ್ಲ. ಮೇಲಿನವರಲ್ಲಿ ವಿನಯದಿಂದ ಕೇಳಿಕೊಂಡ. ಆ ಅಧಿಕಾರಿಗೆ ತನ್ನ ತಲೆಯ ಭಯ ಇದೆ ಅಂತ ಗೊತ್ತಾದಾಗ ಬೇರೆ ದಾರಿ ತೋರಿಸಿದ: ಹತ್ತು ದಿನ ಕಾಯಿಪಲ್ಯ, ನೀರು ಕೊಟ್ಟು ನೋಡಿ, ಆಮೇಲೆ ನೀವೇ ತೀರ್ಮಾನ ಮಾಡಿ ಅಂದ. ನಾವೂ ಅದನ್ನೇ ಮಾಡಬಹುದು. "ನೀವಿಲ್ಲ ಅಂತ ಹೇಳಲು ನನಗೆ ಆಗುವುದಿಲ್ಲ ಸರ್. ಈಗ ಮಾತಾಡಲು ಆಗುತ್ತಿಲ್ಲ, ನಾಲ್ಕು ಗಂಟೆಗೆ ಅವರೇ ಕರೆ ಮಾಡುತ್ತಾರೆ ಅಂತ ಹೇಳಲಾ?" ಬಹಳ ಮಂದಿ ಮೇಲಧಿಕಾರಿಗಳಿಗೆ ಬೇಕಾಗಿರುವುದು ಸುಳ್ಳಲ್ಲ, ಆ ಕರೆಯಿಂದ ಬಿಡುವು. ಅದನ್ನು ಸತ್ಯದಿಂದಲೇ ಕೊಡಬಹುದು.

ಯಾವುದು ಮನಸ್ಸಾಕ್ಷಿ, ಯಾವುದು ಬರೀ ನಮ್ಮ ಇಷ್ಟಾನಿಷ್ಟ ಅಂತ ಮೊದಲೇ ಬೇರೆ ಮಾಡಿಕೊಳ್ಳಿ. ಪ್ರತಿಯೊಂದಕ್ಕೂ ದೇವರ ಹೆಸರು ಹೇಳಿ ಹಠ ಹಿಡಿದರೆ, ನಿಜವಾಗಿ ನಿಲ್ಲಬೇಕಾದ ದಿನ ನಿಮ್ಮ ಮಾತಿಗೆ ತೂಕ ಇರುವುದಿಲ್ಲ. ಬೇರೆ ದಾರಿ ತೋರಿಸಿದರೂ ಒಪ್ಪದಿದ್ದರೆ ಆಗುವುದಿಲ್ಲ ಅಂತ ಶಾಂತವಾಗಿ ಹೇಳಿ. ಬಡ್ತಿ ತಪ್ಪಬಹುದು. ಕೆಲಸವೂ ಹೋಗಬಹುದು. ನಷ್ಟವೇ ಆಗುವುದಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅಂಥ ಹೊತ್ತಿಗೆ ಅಂತಲೇ ಸಭೆಯಲ್ಲಿ ಒಬ್ಬಿಬ್ಬರು ನಂಬಿಕಸ್ಥರನ್ನು ಮೊದಲೇ ಗೊತ್ತು ಮಾಡಿಕೊಂಡಿರಿ. ಒಬ್ಬರೇ ಇಂಥದ್ದನ್ನು ಹೊರಬೇಡಿ.

ಏಳನೇ ಹೆಜ್ಜೆ: ತಪ್ಪಿದಾಗ ಎಲ್ಲರೆದುರು ಒಪ್ಪಿಕೊಳ್ಳಿ

ಇಷ್ಟೆಲ್ಲ ಹೇಳಿದ ನಾನು ಒಂದು ಸಲ ಚೆನ್ನಾಗಿ ಎಡವಿದೆ. ಒಂದು ವರದಿಯಲ್ಲಿ ನಾನು ಒಂದು ಕಾಲಂ ಬಿಟ್ಟು ಕೂಡಿದ್ದೆ. ಮೊತ್ತ ತಪ್ಪಾಗಿ ಗಿರಾಕಿಗೆ ಹೋಯಿತು. ಕಳಿಸಿದವನು ನನ್ನ ಕೈಕೆಳಗಿನ ಹುಡುಗ, ಮೇಲ್‌ನಲ್ಲಿ ಅವನ ಹೆಸರಿತ್ತು. ಮೀಟಿಂಗಿನಲ್ಲಿ "ಇದನ್ನ ಯಾರು ಮಾಡಿದ್ದು?" ಅಂತ ಮೇಲಿನವರು ಕೇಳಿದಾಗ ಅವನು ನನ್ನ ಕಡೆ ಒಂದು ಸಲ ನೋಡಿದ. ನಾನು ನನ್ನ ಪೆನ್ನಿನ ಮುಚ್ಚಳ ನೋಡುತ್ತಿದ್ದೆ. ಅವನು ತಲೆ ತಗ್ಗಿಸಿದ. ಹತ್ತು ನಿಮಿಷ ಎಲ್ಲರ ಮುಂದೆ ಬೈಸಿಕೊಂಡ. ನಾನು ಕ್ರೈಸ್ತ ಅಂತ ಆ ಕೋಣೆಯಲ್ಲಿ ಕೂತ ಎಲ್ಲರಿಗೂ ಗೊತ್ತಿತ್ತು.

ಅವತ್ತು ರಾತ್ರಿ ಪ್ರಾರ್ಥನೆಗೆ ಕೂತೆ, ಆಗಲಿಲ್ಲ. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಹೋಗಿ ನಿನ್ನ ಸಹೋದರನ ಜೊತೆ ಸಮಾಧಾನ ಮಾಡಿಕೋ ಅಂತ ಯೇಸು ಹೇಳಿದ್ದು (ಮತ್ತಾಯ 5:23-24) ತಲೆಯಲ್ಲಿ ಸುತ್ತುತ್ತಿತ್ತು.

ಮರುದಿನ ನಾನು ಮಾಡಿದ್ದನ್ನು ಕ್ರಮವಾಗಿ ಹೇಳುತ್ತೇನೆ, ನಿಮಗೆ ಎಂದಾದರೂ ಬೇಕಾಗಬಹುದು. ಮೊದಲು ಆ ಹುಡುಗನ ಹತ್ತಿರ ಹೋದೆ. "ತಪ್ಪು ನನ್ನದು. ನೀನು ನನ್ನ ಕಡೆ ನೋಡಿದ್ದು ನನಗೆ ಕಾಣಿಸಿತು, ಆದರೂ ಸುಮ್ಮನಿದ್ದೆ. ಕ್ಷಮಿಸು" ಅಂದೆ. 'ಒತ್ತಡ ಇತ್ತು', 'ಗೊಂದಲ ಆಯಿತು' ಅಂತ ಏನೂ ಸೇರಿಸಲಿಲ್ಲ. ಕ್ಷಮೆ ಕೇಳುವಾಗ ಕಾರಣ ಕೊಟ್ಟರೆ ಕ್ಷಮೆ ಅರ್ಧವಾಗುತ್ತದೆ. ಆಮೇಲೆ ಮ್ಯಾನೇಜರ್ ಹತ್ತಿರ ಹೋಗಿ ನಡೆದದ್ದು ಹೇಳಿದೆ. ಮುಂದಿನ ಮೀಟಿಂಗಿನಲ್ಲಿ ಎರಡು ನಿಮಿಷ ಬೇಕು ಅಂತ ಕೇಳಿಕೊಂಡೆ. ಅವನಿಗೆ ಅವಮಾನ ಆದದ್ದು ಯಾರ ಮುಂದೆಯೋ ಅವರ ಮುಂದೆಯೇ ಅವನ ಹೆಸರು ತಿರುಗಿ ಸಿಗಬೇಕಿತ್ತು. ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯ ಬರೀ ತಪ್ಪಾಯಿತು ಅನ್ನಲಿಲ್ಲ, ಮೋಸದಿಂದ ತೆಗೆದುಕೊಂಡದ್ದನ್ನು ನಾಲ್ಕರಷ್ಟು ತಿರುಗಿ ಕೊಡುತ್ತೇನೆ ಅಂದ (ಲೂಕ 19:8). ನಾನು ತೆಗೆದುಕೊಂಡಿದ್ದು ಅವನ ಮರ್ಯಾದೆ. ಅದನ್ನು ಗುಟ್ಟಾಗಿ ತಿರುಗಿಸಲು ಬರುವುದಿಲ್ಲ.

ನನ್ನ ಮಾತು ಮುಗಿದಾಗ ಕೋಣೆಯಲ್ಲಿ ಯಾರೂ ಏನೂ ಅನ್ನಲಿಲ್ಲ. ಮುಂದಿನ ವಿಷಯಕ್ಕೆ ಹೋದರು. ಒಂದು ತಿಂಗಳಾದ ಮೇಲೆ ಒಂದು ಸಂಜೆ, ಇಬ್ಬರೇ ಉಳಿದಿದ್ದಾಗ, ಆ ಹುಡುಗ ಕೇಳಿದ: "ಸರ್, ಅವತ್ತು ನೀವು ಯಾಕೆ ಹೇಳಿದ್ರಿ? ಸುಮ್ನೆ ಇದ್ದಿದ್ರೆ ಎಲ್ಲರೂ ಮರೆತುಬಿಡ್ತಿದ್ರು ಅಲ್ವಾ?"

ಎಂಟನೇ ಹೆಜ್ಜೆ: ಕೇಳಿದಾಗ ಹೇಳಿ

ನಿಮ್ಮಲ್ಲಿರುವ ನಿರೀಕ್ಷೆಗೆ ಕಾರಣ ಏನು ಅಂತ ಕೇಳುವವರಿಗೆ ಉತ್ತರ ಹೇಳಲು ಯಾವಾಗಲೂ ಸಿದ್ಧರಾಗಿರಿ, ಆದರೆ ಸಾತ್ವಿಕತೆಯಿಂದ, ಗೌರವದಿಂದ ಹೇಳಿ ಅಂತ ಪೇತ್ರ ಬರೆದ (1 ಪೇತ್ರ 3:15). ಮೊದಲ ಅರ್ಧ ನಮಗೆಲ್ಲ ಬಾಯಿಪಾಠ. ಎರಡನೇ ಅರ್ಧ ಮರೆತುಹೋಗುತ್ತದೆ.

ಆ ಹುಡುಗನಿಗೆ ನಾನು ಹೇಳಿದ್ದು ಇಷ್ಟೇ: "ನಾನು ಯೇಸುವನ್ನು ನಂಬುತ್ತೇನೆ. ಅವನು ನನ್ನ ತಪ್ಪುಗಳನ್ನು ಕ್ಷಮಿಸಿದ್ದಾನೆ, ಅದಕ್ಕೆ ತಪ್ಪು ಒಪ್ಪಿಕೊಳ್ಳಲು ನನಗೆ ಹೆದರಿಕೆ ಸ್ವಲ್ಪ ಕಡಿಮೆ. ಪೂರ್ತಿ ಹೋಗಿಲ್ಲ, ಆ ದಿನ ನೀನೇ ನೋಡಿದೆಯಲ್ಲ." ಅವನು ಇನ್ನೂ ಎರಡು ಪ್ರಶ್ನೆ ಕೇಳಿದ. ಒಂದಕ್ಕೆ ಉತ್ತರ ಗೊತ್ತಿತ್ತು, ಇನ್ನೊಂದಕ್ಕೆ ಗೊತ್ತಿಲ್ಲ ಅಂದೆ, ವಿಚಾರಿಸಿ ಬಂದು ಹೇಳಿದೆ.

ನಿಮಗೂ ಹೀಗೇ ಒಂದು ನಿಮಿಷದ ಉತ್ತರ ಇರಲಿ, ನಿಮ್ಮದೇ ಮಾತಿನಲ್ಲಿ. 'ರಕ್ತದಿಂದ ತೊಳೆಯಲ್ಪಟ್ಟೆ', 'ಅಭಿಷೇಕ ಬಂತು' ಅನ್ನುವ ಸಭೆಯ ಮಾತುಗಳು ಹೊರಗಿನವರಿಗೆ ಅರ್ಥವಾಗುವುದಿಲ್ಲ. ಕೇಳಿದ ಪ್ರಶ್ನೆಗೆ ಉತ್ತರ ಕೊಡಿ, ಕೇಳದ ಹತ್ತಕ್ಕೆ ಬೇಡ. ಮಾತು ಉದ್ದವಾಗುವ ಹಾಗಿದ್ದರೆ ಕೆಲಸ ಮುಗಿದ ಮೇಲೆ ಎಲ್ಲಾದರೂ ಕೂತು ಮಾತಾಡೋಣ ಅನ್ನಿ. ಅರಾಮ್ ದೇಶದ ಸೇನಾಪತಿ ನಾಮಾನನ ಮನೆಯಲ್ಲಿ ಸೆರೆಯಾಗಿ ಬಂದು ಕೆಲಸ ಮಾಡುತ್ತಿದ್ದ ಹುಡುಗಿ ಹೇಳಿದ್ದು ಒಂದೇ ಮಾತು: ನನ್ನ ದಣಿ ಸಮಾರ್ಯದಲ್ಲಿರುವ ಪ್ರವಾದಿಯ ಹತ್ತಿರ ಹೋಗಿದ್ದರೆ ಅವರ ಕುಷ್ಠ ವಾಸಿಯಾಗುತ್ತಿತ್ತು (2 ಅರಸುಗಳು 5:3). ಅವಳ ಹೆಸರೂ ಬೈಬಲಿನಲ್ಲಿ ಇಲ್ಲ. ಆ ಒಂದು ಮಾತು ನಂಬಿ ಒಬ್ಬ ಸೇನಾಪತಿ ದೇಶ ದಾಟಿ ಹೋದ. ಅವಳು ಆ ಮನೆಯಲ್ಲಿ ಹೇಗೆ ಬದುಕಿದ್ದಳು ಅಂತ ಯೋಚಿಸಿ ನೋಡಿ.

ಬೇರೆ ನಂಬಿಕೆಯವರ ದೇವರು, ಹಬ್ಬ, ಆಚರಣೆಯ ಬಗ್ಗೆ ಹಗುರವಾಗಿ ಮಾತಾಡಲೇಬೇಡಿ. ಅವರ ನಂಬಿಕೆಯ ಬಗ್ಗೆ ಕೇಳಿ, ಕಿವಿಗೊಟ್ಟು ಕೇಳಿಸಿಕೊಳ್ಳಿ. ಯಾವುದರಲ್ಲಾದರೂ ಪಾಲ್ಗೊಳ್ಳಲು ನಿಮ್ಮ ಮನಸ್ಸಾಕ್ಷಿ ಒಪ್ಪದಿದ್ದರೆ ನಗುಮುಖದಿಂದ ನಿಮ್ಮ ಕಾರಣ ಹೇಳಿ, ಅವರ ಸಂತೋಷಕ್ಕೆ ಮಾತ್ರ ತಣ್ಣೀರು ಹಾಕಬೇಡಿ. ಯಾರಾದರೂ "ಈ ವಿಷಯ ಬೇಡ" ಅಂದರೆ ಅಲ್ಲಿಗೆ ನಿಲ್ಲಿಸಿ. ಅವರು ಸುವಾರ್ತೆ ಕೇಳದಿದ್ದರೂ ನಿಮ್ಮ ಗೆಳೆತನ ಹಾಗೇ ಇರಬೇಕು. ಅದು ಕಡಿಮೆಯಾದರೆ ಮೊದಲಿಂದಲೂ ಗೆಳೆತನ ಇರಲಿಲ್ಲ ಅಂತ ಅವರಿಗೆ ಗೊತ್ತಾಗುತ್ತದೆ. ನೀವು ಕೆಲಸ ಮಾಡುವ ಸಂಸ್ಥೆಯಲ್ಲಿ ಈ ಬಗ್ಗೆ ನಿಯಮ ಇದ್ದರೆ ಓದಿ ತಿಳಿದುಕೊಂಡಿರಿ.

ನೀವು ಮೇಲಿನ ಸ್ಥಾನದಲ್ಲಿದ್ದರೆ

ಆಗ ಎರಡು ಪಟ್ಟು ಎಚ್ಚರ ಬೇಕು. ನಿಮ್ಮ ಕೈಕೆಳಗಿನವರು ನಿಮ್ಮನ್ನು ಮೆಚ್ಚಿಸಲು ಹೂಂಗುಡುತ್ತಾರೆ, ಪ್ರಾರ್ಥನೆಗೂ ಬರುತ್ತಾರೆ. ಅದನ್ನು ನಂಬಿಕೆ ಅಂದುಕೊಳ್ಳಬೇಡಿ. ಅವರ ಸಂಬಳ, ರಜೆ ನಿಮ್ಮ ಸಹಿಯಲ್ಲಿ ಇರುವಾಗ ನೀವೇ ಮುಂದಾಗಿ ಚರ್ಚಿಗೆ ಕರೆಯುವುದು ನನ್ನ ಪ್ರಕಾರ ಸರಿಯಲ್ಲ. ಅವರಾಗಿಯೇ ಕೇಳಿದರೆ ಬೇರೆ ಮಾತು. ಬೆದರಿಸುವುದನ್ನು ಬಿಡಿ, ನಿಮಗೂ ಅವರಿಗೂ ಯಜಮಾನನಾದವನು ಪರಲೋಕದಲ್ಲಿದ್ದಾನೆ, ಅವನಿಗೆ ಪಕ್ಷಪಾತ ಇಲ್ಲ ಅಂತ ಎಫೆಸದವರಿಗೆ 6:9ರಲ್ಲಿ ಯಜಮಾನರಿಗೇ ಹೇಳಿದೆ. ಕೆಲಸಕ್ಕೆ ತೆಗೆದುಕೊಳ್ಳುವಾಗ, ಬಡ್ತಿ ಕೊಡುವಾಗ ನಮ್ಮ ಸಭೆಯವರು ಅಂತ ಒಲವು ತೋರಿಸಿದರೆ ಆ ಮಾತು ಮೀರಿದ ಹಾಗೆ. ನಿಮ್ಮ ನಂಬಿಕೆ ಕಾಣಬೇಕಾದದ್ದು ಸಮಯಕ್ಕೆ ಸರಿಯಾದ ಸಂಬಳದಲ್ಲಿ, ಮಗುವಿಗೆ ಜ್ವರ ಅಂದಾಗ ಕೊಡುವ ರಜೆಯಲ್ಲಿ, ಅವರು ಮಾಡಿದ ಕೆಲಸಕ್ಕೆ ಅವರದೇ ಹೆಸರು ಹೇಳುವುದರಲ್ಲಿ.

ವಿರೋಧ ಬಂದಾಗ

ಮೊದಲು ಕೇಳಿಕೊಳ್ಳಿ: ಇದು ಕ್ರಿಸ್ತನಿಗಾಗಿ ಬಂದದ್ದೋ, ನನ್ನ ನಡತೆಗೆ ಬಂದದ್ದೋ? ಕೊಲೆಗಾರನಾಗಿ, ಕಳ್ಳನಾಗಿ ಬಾಧೆಪಡಬೇಡಿ ಅಂತ ಹೇಳುವ ಪಟ್ಟಿಯಲ್ಲೇ ಪೇತ್ರ, ಬೇರೆಯವರ ಕೆಲಸದಲ್ಲಿ ತಲೆಹಾಕುವವನನ್ನೂ ಸೇರಿಸಿದ್ದಾನೆ (1 ಪೇತ್ರ 4:15). ನನ್ನನ್ನು ಕೆಲಸದ ಆ ವಾಟ್ಸಾಪ್ ಗ್ರೂಪಿನಿಂದ ಬಿಟ್ಟಿದ್ದನ್ನು ನಾನು ತುಂಬಾ ದಿನ ಹಿಂಸೆ ಅಂದುಕೊಂಡಿದ್ದೆ. ಅದು ಹಿಂಸೆ ಆಗಿರಲಿಲ್ಲ. ಅವರಿಗೆ ಕೆಲಸದ ಸುದ್ದಿ ಹುಡುಕುವುದು ಕಷ್ಟವಾಗಿತ್ತು, ಅಷ್ಟೇ. ಮುಂದೆ ಒಬ್ಬರ ಹತ್ತಿರ ಕ್ಷಮೆ ಕೇಳಿದಾಗ ಅವರೇ ನನ್ನನ್ನು ಸೇರಿಸಿಕೊಂಡರು. ನಿಜವಾಗಿಯೂ ನಂಬಿಕೆಯ ಕಾರಣಕ್ಕೆ ಅನ್ಯಾಯ ನಡೆದರೆ ತಾರೀಖಿನ ಸಮೇತ ಬರೆದಿಟ್ಟುಕೊಳ್ಳಿ, ದೂರು ಕೊಡುವ ದಾರಿ ಇದ್ದರೆ ಕೊಡಿ. ಪೌಲನೂ ತಾನು ರೋಮಿನ ಪ್ರಜೆ ಅಂತ ತನ್ನ ಹಕ್ಕು ಕೇಳಿದ್ದಾನೆ. ಕೇಳುವ ಧಾಟಿಯಲ್ಲಿ ಮಾತ್ರ ಕಹಿ ಬೇಡ.

ಕೆಲಸ ಬಿಡುವಾಗ

ಕೊನೆಯ ದಿನಗಳನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ರಾಜೀನಾಮೆ ಕೊಟ್ಟ ಮೇಲೂ ಮೊದಲ ವಾರದಷ್ಟೇ ಶ್ರದ್ಧೆಯಿಂದ ದುಡಿಯಿರಿ. ನಿಮ್ಮ ತಲೆಯಲ್ಲಿ ಮಾತ್ರ ಇರುವುದನ್ನೆಲ್ಲ ಕಾಗದಕ್ಕೆ ಇಳಿಸಿ: ಯಾವ ಫೈಲ್ ಎಲ್ಲಿದೆ, ಯಾವ ಗಿರಾಕಿಗೆ ಯಾವಾಗ ಫೋನ್ ಮಾಡಬೇಕು, ಯಾವ ಕೆಲಸ ಅರ್ಧಕ್ಕೆ ನಿಂತಿದೆ, ಅದರಲ್ಲಿ ನಿಮ್ಮ ತಪ್ಪು ಏನಿದೆ. ಸಂಸ್ಥೆಯ ಸಣ್ಣ ವಸ್ತುವನ್ನೂ ತಿರುಗಿ ಕೊಡಿ. ಮನಸ್ತಾಪ ಇರುವ ಒಬ್ಬರಾದರೂ ಇರುತ್ತಾರೆ, ಹೊರಡುವ ಹಿಂದಿನ ದಿನ ಹೋಗಿ ಮಾತಾಡಿ. ಕಾವಲಿನವರಿಗೂ ನೆಲ ಒರೆಸುವವರಿಗೂ ಹೆಸರು ಹಿಡಿದು ಹೋಗಿಬರುತ್ತೇನೆ ಅಂತ ಹೇಳಿ. ಹೆಸರುಗಳ ಆ ಸಣ್ಣ ಪುಸ್ತಕವನ್ನು ಮಾತ್ರ ಜೊತೆಗೆ ತೆಗೆದುಕೊಂಡು ಹೋಗಿ, ಹೊಸ ಜಾಗದವರ ಹೆಸರು ಬರೆಯಲು ಮುಂದಿನ ಪುಟಗಳು ಖಾಲಿ ಇರುತ್ತವೆ.